ದೀಪ ಮಿನುಗಿ ಸುಮ್ಮನಾಗುವ ಕೀಲಿಮಣೆ

ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಿಂದ ಹಳೆಯ ಕೀಲಿಮಣೆಯೊಂದು ಕೆಳಗಿಳಿಯುತ್ತದೆ. ಎತ್ತಿದರೆ ಕೈಗೆ ಭಾರ, ಒತ್ತಿದರೆ ಟಕ್ ಟಕ್ ಎಂಬ ಗಟ್ಟಿ ಸದ್ದು. ಇಂಥದೇ ಸದ್ದಿನ ಹೊಸ ಕೀಲಿಮಣೆ ಬೇಕೆಂದು ಮಗ ಹಠ ಹಿಡಿದಿರುತ್ತಾನೆ. ಅಂಗಡಿಯಲ್ಲಿ ಅದಕ್ಕೆ ಸಾವಿರಾರು ರೂಪಾಯಿ. ಇದನ್ನೇ ಬಳಸಿದರಾಯಿತು ಎಂದು ಮನೆಯವರು ಧೂಳು ಒರೆಸಿ, ಸಣ್ಣದೊಂದು ಅಡಾಪ್ಟರ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾರೆ. ಬಲಮೂಲೆಯ ಮೂರು ದೀಪಗಳೂ ಒಮ್ಮೆ ಮಿನುಗುತ್ತವೆ. ಆಮೇಲೆ ಏನೂ ಇಲ್ಲ. ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದಕ್ಷರ ಮೂಡುವುದಿಲ್ಲ. 'ಕೆಟ್ಟುಹೋಗಿದೆ' ಎಂಬ ತೀರ್ಪಿನೊಂದಿಗೆ ಅದು ಗುಜರಿಯವನ ಗಾಡಿ ಹತ್ತುತ್ತದೆ.

ಇದು ಅವಸರದ ತೀರ್ಪು. 1985ರಿಂದ ತಯಾರಾದ ಐಬಿಎಂ ಕಂಪನಿಯ 'ಮಾಡೆಲ್ ಎಂ' ಇರಲಿ, ಇಲ್ಲಿನ ಡಿಟಿಪಿ ಕೇಂದ್ರಗಳಲ್ಲಿ, ಕಚೇರಿಗಳಲ್ಲಿ ವರ್ಷಗಟ್ಟಲೆ ದುಡಿದ 'ಟಿವಿಎಸ್ ಗೋಲ್ಡ್' ಇರಲಿ, ಈ ಕೀಲಿಮಣೆಗಳು ಸುಲಭವಾಗಿ ಸಾಯುವಂಥವಲ್ಲ. ಅನೇಕ ಸಲ ತೊಂದರೆ ಇರುವುದು ಅವುಗಳ ಒಳಗಲ್ಲ. ಹೊಸ ಕಂಪ್ಯೂಟರು ವಿದ್ಯುತ್ತನ್ನು ಅಳೆದು ಕೊಡುತ್ತದೆ. ಹಳೆಯ ಕೀಲಿಮಣೆಗೆ ಅಳತೆಯ ಅಭ್ಯಾಸವೇ ಇಲ್ಲ. ಈ ಒಂದು ಸಂಗತಿ ತಿಳಿದಿದ್ದರೆ ಹತ್ತು ನಿಮಿಷದಲ್ಲಿ ಪರೀಕ್ಷೆ ಮಾಡಿ ಮುಗಿಸಬಹುದು.

1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರ ವಿದ್ಯುತ್ ಪೆಟ್ಟಿಗೆಯ ಒಟ್ಟು ಸಾಮರ್ಥ್ಯ 63.5 ವ್ಯಾಟ್. ಅದರಲ್ಲಿ 5 ವೋಲ್ಟಿನ ಸಾಲೊಂದೇ 7 ಆಂಪಿಯರ್ ಕೊಡುತ್ತಿತ್ತು. ಕೀಲಿಮಣೆಗೆ ಬೇಕಾದ ವಿದ್ಯುತ್ತು ಇದೇ ಸಾಲಿನಿಂದ ನೇರವಾಗಿ ಬರುತ್ತಿತ್ತು. ದೊಡ್ಡ ಕಣಜದಿಂದ ಒಂದು ಹಿಡಿ ಕಾಳು ತೆಗೆದ ಹಾಗೆ. ಯಾರೂ ಲೆಕ್ಕ ಇಡುತ್ತಿರಲಿಲ್ಲ, ಕೀಲಿಮಣೆ ಯಾರನ್ನೂ ಕೇಳುತ್ತಲೂ ಇರಲಿಲ್ಲ. ಮುಂದೆ 1984ರ ಎಟಿ ಗಣಕದಲ್ಲಿ ಕೀಲಿಮಣೆಯ ಭಾಷೆ ಬದಲಾಯಿತು, 1987ರ ಪಿಎಸ್-2 ಗಣಕದಲ್ಲಿ ದಪ್ಪ ಐದು ಕಡ್ಡಿಯ ಪ್ಲಗ್ಗು ಹೋಗಿ ಆರು ಕಡ್ಡಿಯ ಪುಟ್ಟ ಪ್ಲಗ್ಗು ಬಂತು. ಆದರೆ ಒಳಗಿನ ವ್ಯವಸ್ಥೆ ಅದೇ: 5 ವೋಲ್ಟಿನ ಒಂದು ತಂತಿ, ಅದಕ್ಕೆ ಮರಳು ದಾರಿಯಾದ ಗ್ರೌಂಡ್ ತಂತಿ, ಗಡಿಯಾರದ ಸಂಕೇತಕ್ಕೊಂದು, ಮಾಹಿತಿಗೊಂದು. ಕೆಲಸಕ್ಕೆ ಬರುವವು ಈ ನಾಲ್ಕೇ.

ಕೀಲಿಮಣೆಯೊಳಗೂ ಒಂದು ಪುಟ್ಟ ಗಣಕ ಇರುತ್ತದೆಂಬುದು ಹಲವರಿಗೆ ಗೊತ್ತಿಲ್ಲ. ಯಾವ ಕೀಲಿ ಒತ್ತಿದೆ, ಯಾವುದು ಬಿಟ್ಟಿದೆ ಎಂದು ಸದಾ ಪಹರೆ ಕಾಯುವ ಚಿಪ್ ಅದು. ಐಬಿಎಂನ ಮೊದಲ ಪಿಸಿಯ ಕೀಲಿಮಣೆಯಲ್ಲಿ ಇದ್ದದ್ದು ಇಂಟೆಲ್ 8048. ಆ ಕಾಲದ ಇಂಥ ಚಿಪ್‌ಗಳು ಬಹುಪಾಲು ಎನ್‌ಮಾಸ್ ಎಂಬ ವಿಧಾನದಿಂದ ತಯಾರಾದವು. ಅವುಗಳ ಸ್ವಭಾವ ಸೋರುವ ನಲ್ಲಿಯಂಥದು. ಕೆಲಸ ಇರಲಿ ಬಿಡಲಿ, ಒಳಗಿನ ದಾರಿಗಳಲ್ಲಿ ಸ್ವಲ್ಪ ಪ್ರವಾಹ ಹರಿಯುತ್ತಲೇ ಇರುತ್ತದೆ. ಈಚಿನ ಸಿಮಾಸ್ ಚಿಪ್‌ಗಳು ಸ್ಥಿತಿ ಬದಲಾಗುವ ಗಳಿಗೆಯಲ್ಲಿ ಮಾತ್ರ ಗುಟುಕು ಕುಡಿದು ಸುಮ್ಮನಾಗುತ್ತವೆ. ಆದ್ದರಿಂದಲೇ ಇಂದಿನ ಸಾದಾ ಕೀಲಿಮಣೆಗೆ ಬಹಳ ಕಡಿಮೆ ವಿದ್ಯುತ್ತು ಸಾಕು; ಹಳೆಯ ಮಾಡೆಲ್ ಎಂ 100 ಮಿಲಿಆಂಪಿಯರ್ ಆಸುಪಾಸಿನಲ್ಲಿ ಎಳೆಯುತ್ತದೆ. ವ್ಯಾಟ್ ಲೆಕ್ಕದಲ್ಲಿ ಇದು ಅರ್ಧ ವ್ಯಾಟ್. ಮನೆಯಲ್ಲಿ 'ಝೀರೋ ಬಲ್ಬ್' ಎನ್ನುವ ರಾತ್ರಿ ದೀಪಕ್ಕೂ ಇದರ ಎಷ್ಟೋ ಪಟ್ಟು ಬೇಕಾಗುತ್ತಿತ್ತು. ಇಷ್ಟು ಚಿಕ್ಕ ಪ್ರಮಾಣಕ್ಕೇಕೆ ಇಷ್ಟು ರಗಳೆ?

ರಗಳೆಯ ಮೂಲ ಯುಎಸ್‌ಬಿ ನಿಯಮಗಳಲ್ಲಿದೆ. 1996ರಲ್ಲಿ ಬಂದ ಯುಎಸ್‌ಬಿ ವ್ಯವಸ್ಥೆ ವಿದ್ಯುತ್ ಹಂಚಿಕೆಯನ್ನು ರೇಷನ್ ಅಂಗಡಿಯಂತೆ ಕಟ್ಟುನಿಟ್ಟು ಮಾಡಿತು. ಯಾವ ಸಾಧನವೇ ಆಗಲಿ, ಸಿಕ್ಕಿಸಿದ ಕೂಡಲೇ 100 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಮೊದಲು ತಾನು ಯಾರು, ತನಗೆ ಎಷ್ಟು ಬೇಕು ಎಂದು ಕಂಪ್ಯೂಟರಿಗೆ ಹೇಳಬೇಕು. ಕಂಪ್ಯೂಟರು ಒಪ್ಪಿದರೆ 500 ಮಿಲಿಆಂಪಿಯರ್‌ವರೆಗೆ ಮಂಜೂರಾಗುತ್ತದೆ. ಯುಎಸ್‌ಬಿ 3ರಲ್ಲಿ ಈ ಮಿತಿಗಳು 150 ಮತ್ತು 900 ಆದವು. ಹಳೆಯ ಕೀಲಿಮಣೆಗೆ ಯುಎಸ್‌ಬಿ ಭಾಷೆಯೇ ಬಾರದು. ಅದರ ಪರವಾಗಿ ಮಾತಾಡುವುದು ನಡುವೆ ಕೂರಿಸುವ ಪರಿವರ್ತಕ. ಆ ಪರಿವರ್ತಕ ಎಷ್ಟು ಕೇಳುತ್ತದೆ, ಕೀಲಿಮಣೆ ನಿಜವಾಗಿ ಎಷ್ಟು ಎಳೆಯುತ್ತದೆ, ಇವೆರಡಕ್ಕೂ ಸಂಬಂಧವೇ ಇಲ್ಲದಿರಬಹುದು. 100 ಮಿಲಿಆಂಪಿಯರ್ ಸಾಕೆಂದು ಬರೆದುಕೊಟ್ಟ ಪರಿವರ್ತಕದ ಬೆನ್ನಿಗೆ 110 ಎಳೆಯುವ ಕೀಲಿಮಣೆ ಕೂತಿರಬಹುದು. ಪರಿವರ್ತಕದ ಸ್ವಂತ ಖರ್ಚು ಬೇರೆ.

ಇಷ್ಟಾದರೂ ಹೆಚ್ಚಿನ ಕಂಪ್ಯೂಟರುಗಳಲ್ಲಿ ಇದು ನಡೆದುಹೋಗುತ್ತದೆ. ಮೇಜಿನ ಮೇಲಿನ ಗಣಕದ ಪೋರ್ಟು 500ರವರೆಗೆ ಕೊಡಲು ಸಿದ್ಧವಿರುತ್ತದೆ, ಹತ್ತಿಪ್ಪತ್ತು ಹೆಚ್ಚಾದರೆ ತಕರಾರು ಮಾಡುವುದಿಲ್ಲ. ಸಿಕ್ಕಿಬೀಳುವುದು ಹಬ್ ನಡುವೆ ಬಂದಾಗ. ಸ್ವಂತ ವಿದ್ಯುತ್ ಸಂಪರ್ಕ ಇಲ್ಲದ ಅಗ್ಗದ ಹಬ್‌ಗೆ ಕಂಪ್ಯೂಟರಿನಿಂದ ಸಿಗುವುದೇ 500. ನಿಯಮದ ಪ್ರಕಾರ 100 ಅದರ ಸ್ವಂತಕ್ಕೆ, ಉಳಿದದ್ದು ನಾಲ್ಕು ಪೋರ್ಟುಗಳಿಗೆ ತಲಾ 100. ಇಲ್ಲೊಂದು ತಮಾಷೆ ನಡೆಯುತ್ತದೆ. ತನಗೆ 200 ಬೇಕೆಂದು ನಿಜ ಹೇಳುವ ಪರಿವರ್ತಕವನ್ನು ಕಂಪ್ಯೂಟರು ಬಾಗಿಲಲ್ಲೇ ತಡೆದು, ವಿದ್ಯುತ್ತು ಸಾಲದೆಂಬ ಸೂಚನೆ ತೋರಿಸುತ್ತದೆ. 100 ಸಾಕೆಂದು ಸುಳ್ಳು ಹೇಳುವ ಪರಿವರ್ತಕ ಒಳಗೆ ಹೋಗಿ, ಆಮೇಲೆ ಸೊರಗುತ್ತದೆ. ಎರಡನೆಯದೇ ಹೆಚ್ಚು ತಲೆನೋವು. ಅಲ್ಲಿ ಯಾವ ಸೂಚನೆಯೂ ಬರುವುದಿಲ್ಲ, ಅಕ್ಷರಗಳು ಮಾತ್ರ ಕಾಣೆಯಾಗುತ್ತವೆ.

ಪ್ರವಾಹದ ಜೊತೆಗೆ ವೋಲ್ಟೇಜಿನ ಮಾತೂ ಇದೆ. ಪಂಪ್‌ಸೆಟ್ ಚಾಲೂ ಆದೊಡನೆ ಹಳ್ಳಿಯ ಕೊನೆಯ ಮನೆಯ ಬಲ್ಬು ಮಂಕಾಗುವುದನ್ನು ನೋಡದವರಿಲ್ಲ. ಉದ್ದ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿದಷ್ಟೂ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕೀಲಿಮಣೆಯ ತಂತಿಯಲ್ಲಿ ನಡೆಯುವುದೂ ಇದೇ. ಯುಎಸ್‌ಬಿ ಕೇಬಲ್ಲಿನೊಳಗೆ ಹೆಚ್ಚಾಗಿ ಬಳಸುವ 28 ಗೇಜಿನ ಸಪೂರ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಎರಡು ಮೀಟರಿನ ಕೇಬಲ್ಲೆಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರು, ರೋಧ 0.84 ಓಮ್. 150 ಮಿಲಿಆಂಪಿಯರ್ ಹರಿದರೆ ಓಮನ ನಿಯಮದ ಪ್ರಕಾರ 0.13 ವೋಲ್ಟ್ ದಾರಿಯಲ್ಲೇ ಖರ್ಚು. ಹತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಲೆಕ್ಕ ಇದು. ಇಂಥ ಇನ್ನೊಂದು ಎಕ್ಸ್‌ಟೆನ್ಷನ್ ಸೇರಿಸಿದರೆ ನಷ್ಟ ಇಮ್ಮಡಿ. ಅದರ ಮೇಲೆ ಹಳೆಯ ಕೀಲಿಮಣೆಯದೇ ಸುರುಳಿ ಸುತ್ತಿದ ತಂತಿ ಬೇರೆ. ನೋಡಲು ಗಿಡ್ಡ, ಬಿಡಿಸಿದರೆ ಮಾರುದ್ದ.

0.13 ವೋಲ್ಟ್ ದೊಡ್ಡದೇನಲ್ಲ ಎನಿಸಬಹುದು. ಆದರೆ 5 ವೋಲ್ಟಿನ ಹಳೆಯ ಟಿಟಿಎಲ್ ಚಿಪ್‌ಗಳ ಸಾಮಾನ್ಯ ಷರತ್ತು 4.75ರಿಂದ 5.25ರವರೆಗೆ ಎಂದು. 4.75ಕ್ಕಿಂತ ಕೆಳಗಿಳಿದರೆ ಸರಿಯಾಗಿ ಕೆಲಸ ಮಾಡುವ ಭರವಸೆ ಇಲ್ಲ. ಯುಎಸ್‌ಬಿ 2ರ ನಿಯಮ ನೋಡಿದರೆ, ಸ್ವಂತ ಸಂಪರ್ಕವಿಲ್ಲದ ಹಬ್ಬಿನ ಪೋರ್ಟಿನಲ್ಲಿ ವೋಲ್ಟೇಜು 4.40ರವರೆಗೆ ಇಳಿಯಲು ಅನುಮತಿ ಇದೆ. ಎಂದರೆ ಹಬ್ಬಿನದೂ ತಪ್ಪಿಲ್ಲ, ಕೀಲಿಮಣೆಯದೂ ತಪ್ಪಿಲ್ಲ. ಎರಡೂ ತಮ್ಮ ತಮ್ಮ ನಿಯಮದೊಳಗೇ ಇವೆ, ಆದರೂ ಜೋಡಿ ಕೂಡಿಬರುವುದಿಲ್ಲ. 'ಹಬ್ ಚೆನ್ನಾಗಿದೆ, ಪೆನ್ ಡ್ರೈವ್ ನಡೆಯುತ್ತದೆ, ಹಾಗಾಗಿ ಕೀಲಿಮಣೆಯೇ ಕೆಟ್ಟಿದೆ' ಎಂಬ ತರ್ಕ ಇಲ್ಲಿಯೇ ದಾರಿ ತಪ್ಪುವುದು.

ಪರೀಕ್ಷೆಗೆ ಇಳಿಯುವ ಮುನ್ನ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ತಂದಿರುವುದು ನಿಜವಾದ ಪರಿವರ್ತಕವೋ ಅಲ್ಲವೋ. ಅಂಗಡಿಗಳಲ್ಲಿ ನೇರಳೆ ಅಥವಾ ಹಸಿರು ಬಣ್ಣದ, ಹೆಬ್ಬೆರಳ ಗಾತ್ರದ ಗಟ್ಟಿ ತುಂಡೊಂದು ಸಿಗುತ್ತದೆ. ಅದರೊಳಗೆ ತಂತಿಗಳ ಜೋಡಣೆ ಬಿಟ್ಟು ಬೇರೇನೂ ಇಲ್ಲ. ಎರಡೂ ಭಾಷೆ ಬಲ್ಲ, ಈಚಿನ ಕೆಲವು ಕೀಲಿಮಣೆಗಳಿಗೆಂದೇ ಮಾಡಿದ್ದು ಅದು. ಯುಎಸ್‌ಬಿ ಹುಟ್ಟುವ ಮೊದಲೇ ತಯಾರಾದ ಕೀಲಿಮಣೆಗೆ ಹಾಕಿದರೆ 5 ವೋಲ್ಟು ತಲುಪುತ್ತದೆ, ದೀಪಗಳು ಒಮ್ಮೆ ಮಿನುಗುತ್ತವೆ, ಮಾತು ಮಾತ್ರ ನಡೆಯುವುದಿಲ್ಲ. ಇದು ವಿದ್ಯುತ್ ಕೊರತೆಯೇ ಅಲ್ಲ, ಭಾಷೆಯ ಕೊರತೆ. ಹಳೆಯ ಕೀಲಿಮಣೆಗೆ ಬೇಕಾದದ್ದು ಒಳಗೆ ಚಿಪ್ ಇರುವ ಪರಿವರ್ತಕ. ಸಾಮಾನ್ಯವಾಗಿ ಗಿಡ್ಡ ಕೇಬಲ್ಲಿನ ನಡುವೆ ಅಥವಾ ತುದಿಯಲ್ಲಿ ಸಣ್ಣ ಡಬ್ಬಿ ಇರುತ್ತದೆ. ಎಟಿ ಕಾಲದ ದಪ್ಪ ಪ್ಲಗ್ಗನ್ನು ಪಿಎಸ್-2ಕ್ಕೆ ಇಳಿಸಲು ಮಾತ್ರ ಬರಿಯ ತಂತಿಯ ಅಡಾಪ್ಟರ್ ಸಾಕು, ಏಕೆಂದರೆ ಅವೆರಡರ ಸಂಕೇತ ಒಂದೇ. 1981ರ ಪಿಸಿಯ ಮತ್ತು 1983ರ ಎಕ್ಸ್‌ಟಿಯ ಕೀಲಿಮಣೆಗೂ ಅದೇ ಐದು ಕಡ್ಡಿಯ ಪ್ಲಗ್ಗು, ಆದರೆ ಭಾಷೆ ಬೇರೆ. ಅದಕ್ಕೆ ಆ ಭಾಷೆ ಬಲ್ಲ ಪರಿವರ್ತಕವೇ ಬೇಕು.

ಪರಿವರ್ತಕ ಸರಿಯಾದದ್ದೇ ಎಂದಾದ ಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಹಬ್ ಮತ್ತು ಎಕ್ಸ್‌ಟೆನ್ಷನ್ ತೆಗೆದು ಪರಿವರ್ತಕವನ್ನು ಕಂಪ್ಯೂಟರಿಗೇ ಸಿಕ್ಕಿಸುವುದು. ಮೇಜಿನ ಗಣಕವಾದರೆ ಮುಂಭಾಗದ ಪೋರ್ಟು ಬೇಡ. ಅಲ್ಲಿಗೆ ಪೆಟ್ಟಿಗೆಯೊಳಗಿನಿಂದ ಇನ್ನೊಂದು ತಂತಿ ಹಾದು ಬಂದಿರುತ್ತದೆ. ಹಿಂಭಾಗದ್ದು ಮದರ್‌ಬೋರ್ಡಿನ ಮೇಲೇ ಇರುವುದರಿಂದ ನಷ್ಟ ಕಡಿಮೆ. ಅರ್ಧದಷ್ಟು ದೂರುಗಳು ಇಲ್ಲಿಗೇ ತೀರಿದರೂ ಆಶ್ಚರ್ಯವಿಲ್ಲ.

ಮುಂದಿನದು ಕಾಸು ಖರ್ಚಿಲ್ಲದ ಪರೀಕ್ಷೆ. ಕೀಲಿಮಣೆಯ ಮೂರು ದೀಪಗಳನ್ನು ಒಂದೊಂದಾಗಿ ಹಚ್ಚುವುದು: ನಮ್ ಲಾಕ್, ಕ್ಯಾಪ್ಸ್ ಲಾಕ್, ಸ್ಕ್ರೋಲ್ ಲಾಕ್. ಆ ಕಾಲದ ದೀಪಗಳು ತಲಾ 10ರಿಂದ 20 ಮಿಲಿಆಂಪಿಯರ್ ತಿನ್ನುವಂಥವು. ದೀಪ ಆರಿದ್ದಾಗ ನೆಟ್ಟಗೆ ನಡೆಯುವ ಕೀಲಿಮಣೆ ಮೂರೂ ಹತ್ತಿದಾಗ ಅಕ್ಷರ ನುಂಗಿದರೆ, ಒಂದೇ ಅಕ್ಷರವನ್ನು ಎರಡೆರಡು ಸಲ ಹಾಕಿದರೆ ಅಥವಾ ಪೂರ್ತಿ ಸುಮ್ಮನಾದರೆ, ವಿದ್ಯುತ್ತು ಅಂಚಿನಲ್ಲಿದೆ ಎಂದು ಬಹುಮಟ್ಟಿಗೆ ಖಚಿತ. ದೀಪಗಳಿಗೂ ತೊಂದರೆಗೂ ಸಂಬಂಧವೇ ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು.

ಕಂಪ್ಯೂಟರು ಲೆಕ್ಕದಲ್ಲಿ ಏನು ಬರೆದುಕೊಂಡಿದೆ ಎಂಬುದನ್ನೂ ನೋಡಬಹುದು. ಲಿನಕ್ಸಿನಲ್ಲಿ ಯುಎಸ್‌ಬಿ ಸಾಧನಗಳ ಪೂರ್ಣ ವಿವರ ತೋರಿಸುವ ಆದೇಶದಲ್ಲಿ ಗರಿಷ್ಠ ವಿದ್ಯುತ್ತಿನ ಸಾಲೊಂದಿರುತ್ತದೆ. ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಪರಿವರ್ತಕ ತಾನೇ ಹೇಳಿಕೊಂಡ ಅಂಕಿ, ಅಳೆದದ್ದಲ್ಲ. ನಿಜವಾದ ಅಳತೆ ಬೇಕಾದರೆ ಪೋರ್ಟಿಗೂ ಪರಿವರ್ತಕಕ್ಕೂ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರು ಸಿಗುತ್ತದೆ. ವೋಲ್ಟೇಜು ಮತ್ತು ಪ್ರವಾಹ ಎರಡನ್ನೂ ತೋರಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿದರೆ ದೊಡ್ಡ ಬೆಲೆಯದೇನಲ್ಲ. ವಿಜ್ಞಾನದ ವಿದ್ಯಾರ್ಥಿ ಇರುವ ಮನೆಯಲ್ಲಿ ಇದೊಂದಿದ್ದರೆ ಬೇರೆ ಕೆಲಸಕ್ಕೂ ಬರುತ್ತದೆ. ವೋಲ್ಟೇಜು 4.75ಕ್ಕಿಂತ ಕೆಳಗಿದ್ದರೆ ಕೇಬಲ್ ಅಥವಾ ಹಬ್ಬಿನ ಕಡೆ ನೋಡಬೇಕು. ಪ್ರವಾಹ 400, 500 ಎಂದು ಏರಿ ನಿಂತಿದ್ದರೆ ಕೀಲಿಮಣೆಯೊಳಗೇ ಎಲ್ಲೋ ಶಾರ್ಟ್ ಆಗಿದೆ. ಕೂಡಲೇ ಕಿತ್ತಿಡಬೇಕು.

ಕೊರತೆ ಖಚಿತವಾದರೆ ಪರಿಹಾರ ಸರಳ. ತನ್ನದೇ ಪವರ್ ಅಡಾಪ್ಟರ್ ಇರುವ ಒಳ್ಳೆಯ ಹಬ್ಬೊಂದನ್ನು ತಂದು ಅದರ ಮೂಲಕ ಜೋಡಿಸುವುದು. ಐಪ್ಯಾಡಿನಂಥ ಟ್ಯಾಬ್ಲೆಟ್ಟುಗಳಲ್ಲಿ ಸಾಧನಕ್ಕೆ ಹೆಚ್ಚು ವಿದ್ಯುತ್ತು ಬೇಕೆಂಬ ಸೂಚನೆ ಬಂದು ಕೀಲಿಮಣೆ ತಿರಸ್ಕೃತವಾಗುವುದುಂಟು. ಅಲ್ಲಿಯೂ ದಾರಿ ಇದೇ. ಬದಲಿಗೆ ಕೆಲವರು ಮಾಡುವ ಸಾಹಸವೊಂದಿದೆ. ಮೊಬೈಲ್ ಚಾರ್ಜರಿನ ತಂತಿ ಕತ್ತರಿಸಿ ಅದರ 5 ವೋಲ್ಟನ್ನು ಕೀಲಿಮಣೆಯ ತಂತಿಗೆ ನೇರವಾಗಿ ಕಟ್ಟುವುದು. ಇದು ಕೂಡದು. ಕಂಪ್ಯೂಟರಿನ 5 ವೋಲ್ಟು ಮತ್ತು ಚಾರ್ಜರಿನ 5 ವೋಲ್ಟು ಒಂದೇ ತಂತಿಯಲ್ಲಿ ಕೂಡಿದರೆ ಚಾರ್ಜರಿನ ವಿದ್ಯುತ್ತು ಹಿಮ್ಮುಖವಾಗಿ ಕಂಪ್ಯೂಟರಿನ ಪೋರ್ಟಿಗೆ ನುಗ್ಗಬಹುದು. ಒಂದು ಕೀಲಿಮಣೆ ಉಳಿಸಲು ಹೋಗಿ ಲ್ಯಾಪ್‌ಟಾಪ್ ಕಳೆದುಕೊಳ್ಳುವ ವ್ಯಾಪಾರ ಅದು.

ಮೇಜಿನ ಗಣಕದಲ್ಲಿ ಪಿಎಸ್-2 ಪೋರ್ಟು ಇದ್ದರೆ ಪರಿವರ್ತಕದ ಗೊಡವೆಯೇ ಬೇಡ. ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ಗುಂಡು ಪೋರ್ಟು ಕೆಲವು ಹೊಸ ಮದರ್‌ಬೋರ್ಡುಗಳಲ್ಲೂ ಇರುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಬೇರೆ ವಿಷಯದಲ್ಲಿ. ಯುಎಸ್‌ಬಿಯಂತೆ ಇದನ್ನು ಯಂತ್ರ ಚಾಲೂ ಇದ್ದಾಗಲೇ ಎಳೆದು ಸಿಕ್ಕಿಸುವಂತಿಲ್ಲ. ಆ ಪೋರ್ಟನ್ನು ಅದಕ್ಕಾಗಿ ಮಾಡಿಲ್ಲ. ಪ್ಲಗ್ಗು ಓರೆಯಾಗಿ ತಾಗಿದ ಗಳಿಗೆಯಲ್ಲಿ ಮದರ್‌ಬೋರ್ಡಿನ ಮೇಲಿನ ಫ್ಯೂಸ್ ಹಾರಿಹೋಗಬಹುದು. ಆಮೇಲೆ ಯಾವ ಕೀಲಿಮಣೆ ಹಾಕಿದರೂ ಪೋರ್ಟು ಉಸಿರೆತ್ತುವುದಿಲ್ಲ, ಅಪವಾದ ಮಾತ್ರ ಹಳೆಯ ಕೀಲಿಮಣೆಯ ತಲೆಗೆ. ಕೆಲವು ಬೋರ್ಡುಗಳಲ್ಲಿರುವ ಫ್ಯೂಸು ತಣಿದ ಮೇಲೆ ತಾನೇ ಸರಿಹೋಗುವ ಜಾತಿಯದು. ಯಂತ್ರ ಆರಿಸಿ, ಸಾಕೆಟ್ಟಿನಿಂದ ತಂತಿ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ನೋಡುವುದರಲ್ಲಿ ನಷ್ಟವಿಲ್ಲ.

ವಿದ್ಯುತ್ ಕೊರತೆಯಂತೆ ಕಂಡು ಅದಲ್ಲದ ತೊಂದರೆ ಇನ್ನೊಂದಿದೆ. ಎಟಿ ಮತ್ತು ಪಿಎಸ್-2 ಕಾಲದ ಕೀಲಿಮಣೆ ವಿದ್ಯುತ್ತು ಬಂದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮೂರು ದೀಪ ಒಟ್ಟಿಗೆ ಮಿನುಗುವುದು ಆಗಲೇ. ಅರ್ಧ ಸೆಕೆಂಡಿಗೆ ಮೇಲ್ಪಟ್ಟು ಹಿಡಿಯುವ ಈ ಪರೀಕ್ಷೆ ಮುಗಿದ ಮೇಲೆ 'ಸರಿಯಾಗಿದ್ದೇನೆ' ಎಂಬ ಸಂಕೇತ ಕಳಿಸುತ್ತದೆ. ಆ ಗಳಿಗೆಯಲ್ಲಿ ಪರಿವರ್ತಕ ಕಿವಿಗೊಡದಿದ್ದರೆ ಇಬ್ಬರ ನಡುವೆ ಮಾತು ಬೆಳೆಯುವುದಿಲ್ಲ. ಕಂಪ್ಯೂಟರ್ ಹಚ್ಚಿದಾಗ ಕೀಲಿಮಣೆ ಸುಮ್ಮನಿದ್ದು, ಯುಎಸ್‌ಬಿ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದಾಗ ನಡೆದರೆ ಇಂಥ ಹೊತ್ತುಗೊತ್ತಿನ ವ್ಯತ್ಯಾಸವನ್ನೇ ಶಂಕಿಸಬೇಕು. ಬೇರೆ ತಯಾರಿಕೆಯ ಪರಿವರ್ತಕದಲ್ಲಿ ಇದು ಇಲ್ಲದಿರಬಹುದು. ಹಾಗೆಯೇ ಕಂಪ್ಯೂಟರು ನಿದ್ರೆಗೆ ಜಾರಿದಾಗ ಯುಎಸ್‌ಬಿ ಸಾಧನಗಳು ಕೆಲವೇ ಮಿಲಿಆಂಪಿಯರ್‌ಗೆ ಇಳಿಯಬೇಕೆಂಬ ನಿಯಮವಿದೆ. ನಿದ್ರೆಯೇ ಗೊತ್ತಿಲ್ಲದ ಹಳೆಯ ಕೀಲಿಮಣೆ ಇದನ್ನು ಪಾಲಿಸಲಾರದು. ನಿದ್ರೆಯ ನಂತರವಷ್ಟೇ ತೊಂದರೆ ಕಂಡರೆ ವಿಂಡೋಸ್‌ನ ವಿದ್ಯುತ್ ಆಯ್ಕೆಗಳಲ್ಲಿ ಯುಎಸ್‌ಬಿಯನ್ನು ಮಲಗಿಸುವ ವ್ಯವಸ್ಥೆಯನ್ನು ನಿಲ್ಲಿಸಿ ನೋಡಬಹುದು.

ಪ್ಲಗ್ಗಿನ ಆಕಾರ ನೋಡಿ ಮೋಸಹೋಗಬಾರದು. ಐದು ಕಡ್ಡಿಯ ಅದೇ ದಪ್ಪ ಪ್ಲಗ್ಗು ಸಂಗೀತದ ಮಿಡಿ ಉಪಕರಣಗಳಲ್ಲೂ ಇದೆ. ಆಪಲ್ ಕಂಪನಿಯ ಹಳೆಯ ಕೀಲಿಮಣೆಗಳ ನಾಲ್ಕು ಕಡ್ಡಿಯ ಪ್ಲಗ್ಗು ಟಿವಿಯ ಎಸ್-ವಿಡಿಯೋ ಪ್ಲಗ್ಗಿನ ಅವಳಿಯಂತಿದೆ. ಅದಕ್ಕೆ ಎಡಿಬಿ ಎಂಬ ಬೇರೆಯೇ ಪರಿವರ್ತಕ ಬೇಕು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಟರ್ಮಿನಲ್‌ಗಳೊಡನೆ ಬರುತ್ತಿದ್ದ ಎಲ್‌ಕೆ 201 ಕೀಲಿಮಣೆಗಂತೂ ಬೇಕಾದದ್ದು 5 ವೋಲ್ಟಲ್ಲ, 12 ವೋಲ್ಟು. ಅದನ್ನು ಯುಎಸ್‌ಬಿಯ 5 ವೋಲ್ಟಿನಿಂದ ಎಬ್ಬಿಸಲು ಎಷ್ಟು ಹೆಣಗಿದರೂ ಫಲವಿಲ್ಲ. ಬೆನ್ನಿನ ಚೀಟಿಯಲ್ಲಿ ಮಾದರಿ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ, ಕೆಲವದರಲ್ಲಿ ವೋಲ್ಟೇಜು ಮತ್ತು ಪ್ರವಾಹವೂ. ಕಾಸು ಖರ್ಚು ಮಾಡುವ ಮೊದಲು ಓದಬೇಕಾದದ್ದು ಅದನ್ನೇ.

ಇಷ್ಟೆಲ್ಲ ಮಾಡಿಯೂ ನಡೆಯದಿದ್ದರೆ ಕೀಲಿಮಣೆಯೇ ಕೆಟ್ಟಿರುವ ಸಾಧ್ಯತೆ ಉಳಿಯುತ್ತದೆ. ಎಂದೋ ಚೆಲ್ಲಿದ ಕಾಫಿ, ಬಗ್ಗಿದಲ್ಲಿ ಒಳಗೇ ತುಂಡಾದ ತಂತಿ, ಒಣಗಿದ ಕೆಪಾಸಿಟರ್ ಸಾಮಾನ್ಯ ಅಪರಾಧಿಗಳು. ತಂತಿ ಒಂದು ಭಂಗಿಯಲ್ಲಿ ಹಿಡಿದಾಗ ಮಾತ್ರ ದೀಪ ಬಂದರೆ ಕೇಬಲ್ ಬದಲಿಸಬೇಕು. ಮಾಡೆಲ್ ಎಂನ ಬಹಳಷ್ಟು ಮಾದರಿಗಳಲ್ಲಿ ಅದನ್ನು ಕೀಲಿಮಣೆಯ ಬೆನ್ನಿನಿಂದ ಬಿಚ್ಚಬಹುದು.

ಒಮ್ಮೆ ನಡೆಯತೊಡಗಿದರೆ ಕನ್ನಡಕ್ಕೂ ಅಡ್ಡಿಯಿಲ್ಲ. ಕೀಲಿಮಣೆ ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀಲಿ ಒತ್ತಿತು ಎಂಬ ಸಂಖ್ಯೆಯನ್ನು. ಅದನ್ನು ಕನ್ನಡವಾಗಿಸುವುದು ಕಂಪ್ಯೂಟರಿನಲ್ಲಿರುವ ತಂತ್ರಾಂಶ. ಹಾಗಾಗಿ ಕೆ.ಪಿ. ರಾವ್ ವಿನ್ಯಾಸ ಬಲ್ಲವರಿಗೆ ಹಳೆಯದರ ಮೇಲೂ ಬೆರಳು ಅದೇ ಜಾಗಕ್ಕೆ ಹೋಗುತ್ತದೆ. ನುಡಿ ತಂತ್ರಾಂಶದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೊರಳಲು ಸ್ಕ್ರೋಲ್ ಲಾಕ್ ಬಳಸುವ ರೂಢಿ ಇದೆ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ. ಹಳೆಯ ಕೀಲಿಮಣೆಯಲ್ಲಿ ಇದೆ, ಅದರದೇ ದೀಪದೊಂದಿಗೆ. ಕನ್ನಡಕ್ಕೆ ಹೊರಳಿದಾಗಲಷ್ಟೇ ಅಕ್ಷರ ಹಾರಿಹೋಗುತ್ತಿದ್ದರೆ ತಂತ್ರಾಂಶವನ್ನು ಬೈಯುವ ಮೊದಲು ಆ ದೀಪದ ಹತ್ತಿಪ್ಪತ್ತು ಮಿಲಿಆಂಪಿಯರನ್ನೂ ಲೆಕ್ಕಕ್ಕೆ ಹಿಡಿಯಬೇಕು.